‘ಸಾಕು’ ಎಂಬ ಶಬ್ದ: ಅರ್ಥ ಎರಡು, ಮೂಲ ಒಂದೇ?

ಮಕ್ಕಳ ಪಾಲನೆಯನ್ನು ಕುರಿತ ಭಾಷಣಗಳಲ್ಲಿ ಒಂದು ವ್ಯುತ್ಪತ್ತಿ ಆಗಾಗ ಕೇಳಿಬರುತ್ತದೆ. ಮಗುವಿಗೆ ಅನ್ನ, ಅರಿವೆ, ಅಕ್ಕರೆಗಳನ್ನು ‘ಸಾಕು’ ಎನ್ನುವಷ್ಟು ಕೊಡುವುದೇ ‘ಸಾಕುವುದು’. ಕಾರಣ ಎರಡೂ ಒಂದೇ ಶಬ್ದ ಎಂಬುದು ಆ ಮಾತು. ಕೇಳಲು ಸೊಗಸಾಗಿದೆ. ಆದರೆ ಸೊಗಸು ಬೇರೆ, ಪ್ರಮಾಣ ಬೇರೆ. ವರ್ಗದಲ್ಲಿ ಇದನ್ನು ಭಾಷಾಶಾಸ್ತ್ರವೆಂದು ಹೇಳಿಕೊಡುವ ಮುನ್ನ ಒರೆಗೆ ಹಚ್ಚಿ ನೋಡುವುದು ಶಿಕ್ಷಕರ ಕರ್ತವ್ಯ.

ಮೊದಲು ಕನ್ನಡದೊಳಗಿನ ಸಾಕ್ಷಿ. ಸಾಕಿದಳು, ಸಾಕುತ್ತಾಳೆ, ಸಾಕಲಿಲ್ಲ ಎಂದು ಪಾಲನೆಯ ‘ಸಾಕು’ ಎಲ್ಲ ಕಾಲಗಳಲ್ಲಿಯೂ ನಡೆಯುವ ಪೂರ್ಣ ಕ್ರಿಯಾಪದ. ‘ಇಷ್ಟು ಅನ್ನ ಸಾಕು’ ಎಂಬಲ್ಲಿಯ ಶಬ್ದಕ್ಕೆ ಈ ರೂಪಗಳಿಲ್ಲ. ಅದರ ನಿಷೇಧ ‘ಸಾಕದು’ ಅಲ್ಲ, ‘ಸಾಲದು’. ಮರೆಯಾಗಿದ್ದ ಲಕಾರ ಇಲ್ಲಿ ಹೊರಬೀಳುತ್ತದೆ. ‘ಬೇಳ್ಕುಂ’ ಎಂಬುದು ‘ಬೇಕು’ ಆದಂತೆ, ‘ಸಾಲ್’ ಧಾತುವಿನ ‘ಸಾಲ್ಕುಂ’ ಸವೆದು ‘ಸಾಕು’ ಆಗಿದೆ. ಪಾಲನೆಯ ‘ಸಾಕು’ವಿನಲ್ಲಿ ಈ ಲಕಾರದ ಸುಳಿವೇ ಇಲ್ಲ.

ಎರಡನೆಯ ಸಾಕ್ಷಿ ಸೋದರ ಭಾಷೆಗಳದು. ತೆಲುಗಿನಲ್ಲಿ ‘ಚಾಲು’ ಎಂದರೆ ಇಷ್ಟು ಸಾಕು ಎಂದರ್ಥ. ‘ಸಾಕು’ ಎಂದರೆ ಪಾಲಿಸು. ತುಳುವಿನಲ್ಲಿ ಮೊದಲಿನದು ‘ಯಾವು’, ಎರಡನೆಯದು ‘ಸಾಂಕು’. ಅಲ್ಲಿ ಬೇರೆಯಾಗಿಯೇ ಉಳಿದ ಶಬ್ದಗಳು ಕನ್ನಡದಲ್ಲಿ ಮಾತ್ರ ಉಚ್ಚಾರ ಸವೆದು ಒಂದೇ ವೇಷ ತೊಟ್ಟಿವೆ. 1961ರಲ್ಲಿ ಹೊರಬಂದು 1984ರಲ್ಲಿ ಪರಿಷ್ಕೃತವಾದ ಬರೋ–ಎಮಿನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶವೂ ಇವನ್ನು ಬೇರೆ ಬೇರೆಯಾಗಿಯೇ ಇರಿಸಿದೆ.

ಇಂಥದೇ ಇನ್ನೊಂದು ಭ್ರಮೆ ‘ಪೊರೆ’ ಶಬ್ದದ್ದು. ಮಕ್ಕಳನ್ನು ಪೊರೆಯುವುದು ‘ಹೊರೆ’ ಹೊರುವುದೇ ಎನ್ನುವವರುಂಟು. ಹಳಗನ್ನಡದಲ್ಲಿ ಭಾರವೆಂಬರ್ಥದ ‘ಪೊಱೆ’ಗೆ ಶಕಟರೇಫ, ಕಾಪಾಡು ಎಂಬರ್ಥದ ‘ಪೊರೆ’ಗೆ ಸಾಮಾನ್ಯ ರೇಫ. ಒಂದು ಅಕ್ಷರ ಬಳಕೆ ತಪ್ಪಿದ್ದರಿಂದ ಮಗು ಭಾರವಾಗಿ ಹೋಯಿತು!

ಹಾಗಾದರೆ ‘ಸಾಕು’ವಿನ ಅರ್ಥವನ್ನು ಎಲ್ಲಿ ಹುಡುಕಬೇಕು? ಜನರ ಬಳಕೆಯಲ್ಲಿ. ಅಕ್ಕಲಕೋಟೆ, ಮೈಂದರ್ಗಿ, ದುಧನಿಗಳ ಕಡೆ ಎಮ್ಮೆ, ಕೋಳಿಗಳನ್ನು ಸಾಕುತ್ತಾರೆ. ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು ಹೆಚ್ಚಾಗಿ ‘ಜ್ವಾಪಾನ’ ಮಾಡುತ್ತಾರೆ. ಮರಾಠಿಯ ‘ಜೋಪಾಸಣೆ’ ಇದರ ನೆರೆಯ ಮಾತು. ಪರರ ಮಗುವನ್ನು ತಂದು ಬೆಳೆಸಿದರೆ ಅವನು ‘ಸಾಕಿದ ಮಗ’. ತನ್ನದಲ್ಲದ ಜೀವವನ್ನು ತನ್ನದಾಗಿ ಮಾಡಿಕೊಳ್ಳುವ ಅರ್ಥ ಈ ಬಳಕೆಯಲ್ಲಿ ಎದ್ದು ಕಾಣುತ್ತದೆ. ಅಂಥ ಶಬ್ದಕ್ಕೆ ‘ಇಷ್ಟಾದರೆ ಸಾಕು’ ಎಂಬ ಅಳತೆಯನ್ನು ಗಂಟುಹಾಕುವುದು ಸಾಕಿದ ಮಗನಿಗೂ ಸಾಕಿದ ತಾಯಿಗೂ ಮಾಡುವ ಅನ್ಯಾಯ. ರಾಧೆ ಕರ್ಣನನ್ನು, ಯಶೋದೆ ಕೃಷ್ಣನನ್ನು ಸಾಕಿದ್ದು ಅಳತೆ ಹಿಡಿದಲ್ಲ.

ಗಡಿನಾಡಿನ ಗುರುಬಂಧುಗಳಲ್ಲಿ ಒಂದು ವಿನಂತಿ. ಸೊಲ್ಲಾಪುರದ ಪೂರ್ವ ಭಾಗದ ನೇಕಾರರ ಕೇರಿಗಳಲ್ಲಿ ತೆಲುಗು ಮನೆಮಾತು, ಪೇಟೆಯಲ್ಲಿ ಮರಾಠಿ, ನಮ್ಮ ಶಾಲೆಗಳಲ್ಲಿ ಕನ್ನಡ. ಕನ್ನಡದ ಪಾಠದಲ್ಲಿ ಹುಡುಗನೊಬ್ಬ ನೆರೆಮನೆಯ ತೆಲುಗು ಶಬ್ದವನ್ನಾಡಿದರೆ ಗದರಿಸಿ ಬಾಯಿ ಮುಚ್ಚಿಸಬೇಡಿರಿ. ಅದನ್ನು ಹಲಗೆಯ ಮೇಲೆ ಕನ್ನಡ ಶಬ್ದದ ಪಕ್ಕದಲ್ಲಿ ಬರೆಯಿರಿ. ಕನ್ನಡದಲ್ಲಿ ಅಳಿಸಿಹೋದ ಭೇದವನ್ನು ತೋರಿಸುವ ಸಾಕ್ಷಿ ಅವನ ನಾಲಗೆಯ ಮೇಲೆಯೇ ಇದ್ದೀತು.