ಎರಡನೆಯ ಕರೆಗೂ ಉತ್ತರ ಬಾರದಿದ್ದರೆ

ಹಾರಾಟದ ನಡುವೆ ಪೈಲಟ್ ಕಾಯಿಲೆ ಬಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಸಿನಿಮಾ ಕೊಟ್ಟ ಉತ್ತರವೇ ಬಹಳ ಮಂದಿಯ ತಲೆಯಲ್ಲಿ ಕೂತಿದೆ. ಆರ್ಥರ್ ಹೇಲಿ 1956ರಲ್ಲಿ ಕೆನಡಾದ ಟೆಲಿವಿಷನ್‌ಗೆ ‘ಫ್ಲೈಟ್ ಇನ್‌ಟು ಡೇಂಜರ್’ ಎಂಬ ನಾಟಕ ಬರೆದರು. ಕೆಟ್ಟ ಊಟ ತಿಂದು ಪೈಲಟ್‌ಗಳಿಬ್ಬರೂ ಮಲಗಿಬಿಡುತ್ತಾರೆ. ಯುದ್ಧಕಾಲದಲ್ಲಿ ವಿಮಾನ ಹಾರಿಸಿದ್ದ ಪ್ರಯಾಣಿಕನೊಬ್ಬ ಬೆವರುತ್ತಾ ಅದನ್ನು ನೆಲಕ್ಕಿಳಿಸುತ್ತಾನೆ. ಮರುವರ್ಷದ ‘ಝೀರೋ ಅವರ್’, 1980ರ ಹಾಸ್ಯಚಿತ್ರ ‘ಏರ್‌ಪ್ಲೇನ್’ ಎರಡೂ ಇದೇ ಕಥೆಯಿಂದ ಹುಟ್ಟಿದವು.

ಕಥೆಯಲ್ಲಿ ನಿಜವೇ ಇಲ್ಲವೆಂದಲ್ಲ. ಆಸ್ಟ್ರೇಲಿಯದ ಸಾರಿಗೆ ಸುರಕ್ಷತಾ ಸಂಸ್ಥೆ 2010ರಿಂದ 2014ರವರೆಗಿನ ಪ್ರಕರಣಗಳನ್ನು ಒಟ್ಟುಮಾಡಿ ನೋಡಿದಾಗ, ಪೈಲಟ್ ಕೆಲಸ ಮಾಡಲಾಗದೆ ಹೋದ ಘಟನೆಗಳು ವರ್ಷಕ್ಕೆ ಸರಾಸರಿ 23 ಸಿಕ್ಕವು. ದೊಡ್ಡ ಕಾರಣ ಹೊಟ್ಟೆಯ ತೊಂದರೆ. ಅದರ ನಂತರದ್ದು ನೆಲದಿಂದ ಯಾರೋ ಕಾಕ್‌ಪಿಟ್‌ನತ್ತ ಬಿಡುವ ಲೇಸರ್ ಬೆಳಕು. ಹಾಗಾಗಿ ಇಬ್ಬರು ಪೈಲಟ್‌ಗಳಿಗೆ ಬೇರೆ ಬೇರೆ ಊಟ ಕೊಡುವ ಪದ್ಧತಿ ಸರಿಯಾದದ್ದೇ. ಆದರೆ ಹೊಟ್ಟೆ ಕೆಟ್ಟವನಿಗೆ ತನಗೆ ಹುಷಾರಿಲ್ಲ ಎಂದು ಗೊತ್ತಿರುತ್ತದೆ. ಅವನು ಬಾಯಿಬಿಟ್ಟು ಹೇಳುತ್ತಾನೆ, ಜೊತೆಗಿರುವವರು ವಿಮಾನ ನೋಡಿಕೊಳ್ಳುತ್ತಾರೆ. ನಿಜವಾದ ಅಪಾಯ ಕಣ್ಣು ತೆರೆದು, ಕೈ ಕಂಟ್ರೋಲ್ ಮೇಲಿಟ್ಟು, ಆದರೆ ಮನಸ್ಸು ಎಲ್ಲೋ ಕಳಚಿಕೊಂಡು ಕೂತ ಪೈಲಟ್‌ನಿಂದ. ತನಗೇನೋ ಆಗಿದೆ ಎಂದು ಅವನಿಗೂ ಗೊತ್ತಿಲ್ಲ, ಪಕ್ಕದಲ್ಲಿರುವವನಿಗೂ ಗೊತ್ತಿಲ್ಲ.

ಇದಕ್ಕಾಗಿಯೇ ಇರುವುದು ಎರಡು ಕರೆಗಳ ನಿಯಮ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ವೈದ್ಯಕೀಯ ಕೈಪಿಡಿ ಅದನ್ನು ಹೇಳುವುದು ಹೀಗೆ: ಜೊತೆಗಾರ ಎರಡು ಸಲ ಮಾತಾಡಿಸಿದರೂ ಸರಿಯಾಗಿ ಉತ್ತರಿಸದಿದ್ದರೆ, ಅಥವಾ ವಿಮಾನ ಇರಬೇಕಾದ ದಾರಿ, ವೇಗ, ಎತ್ತರದಿಂದ ಗಣನೀಯವಾಗಿ ಜಾರಿರುವಾಗ ಒಂದೇ ಸಲ ಹೇಳಿದ್ದಕ್ಕೂ ಸರಿಯಾಗಿ ಸ್ಪಂದಿಸದಿದ್ದರೆ, ಅವರು ಅಸಮರ್ಥರಾಗಿದ್ದಾರೆಂದು ಶಂಕಿಸಬೇಕು. ಶಂಕೆ ಬಂದಮೇಲಿನ ಕೆಲಸ ಸಿಮ್ಯುಲೇಟರ್‌ನಲ್ಲಿ ಕಲಿಸುವಂಥದ್ದು. ‘ಐ ಹ್ಯಾವ್ ಕಂಟ್ರೋಲ್’ ಎಂದು ಹೇಳಿ ವಿಮಾನ ಕೈಗೆ ತೆಗೆದುಕೊಳ್ಳಬೇಕು, ಆಟೋಪೈಲಟ್ ಹಾಕಬೇಕು, ಗಗನಸಖಿಯರನ್ನು ಕರೆಯಬೇಕು. ಅವರು ಬಂದು ಬಿದ್ದವರ ಭುಜದ ಪಟ್ಟಿ ಬಿಗಿದು ಲಾಕ್ ಮಾಡಿ, ಸೀಟನ್ನು ಹಿಂದಕ್ಕೆ ಸರಿಸುತ್ತಾರೆ. ಇಲ್ಲವಾದರೆ ದೇಹ ಮುಂದಕ್ಕೆ ವಾಲಿ ಕಂಟ್ರೋಲ್ ಮೇಲೆ ಬೀಳಬಹುದು, ಕಾಲು ಪೆಡಲ್ ಒತ್ತಬಹುದು. ವೈದ್ಯಕೀಯ ಯಂತ್ರ ಬೇಡ, ಪದವಿ ಬೇಡ. ಕಿವಿ ಮತ್ತು ಧೈರ್ಯ ಸಾಕು. ವಿಮಾನಯಾನ ಕಂಡುಕೊಂಡ ಅತ್ಯುತ್ತಮ ನಿಯಮಗಳಲ್ಲಿ ಇದೊಂದು ಎಂದು ನಾನು ನಂಬಿದ್ದೇನೆ. ಅದನ್ನು ಆಚರಣೆಗೆ ತರುವುದರಲ್ಲಿ ಅರ್ಧದಾರಿಯಲ್ಲೇ ನಿಂತಿದ್ದೇವೆ ಎಂಬುದು ನನ್ನ ತಕರಾರು.

ಈ ನಿಯಮದ ಬೆಲೆ ಏನೆಂದು ತಿಳಿಯಲು 1972ರ ಜೂನ್ 18ಕ್ಕೆ ಹೋಗಬೇಕು. ಅಂದು ಭಾನುವಾರ. ಲಂಡನ್ನಿನ ಹೀಥ್ರೂದಿಂದ ಬ್ರಸೆಲ್ಸ್‌ಗೆ ಹೊರಟ ಬ್ರಿಟಿಷ್ ಯುರೋಪಿಯನ್ ಏರ್‌ವೇಸ್‌ನ ಟ್ರೈಡೆಂಟ್ ವಿಮಾನ ಮೇಲೇರಿದ ಮೂರೇ ನಿಮಿಷಗಳಲ್ಲಿ ಸ್ಟೇನ್ಸ್ ಪಟ್ಟಣದ ಬಳಿ ನೆಲಕ್ಕಪ್ಪಳಿಸಿತು. 118 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕ್ಯಾಪ್ಟನ್‌ಗೆ 51 ವರ್ಷ. ಹೊರಡುವ ಒಂದೂವರೆ ಗಂಟೆ ಮೊದಲು ಸಿಬ್ಬಂದಿ ಕೊಠಡಿಯಲ್ಲಿ ಮುಷ್ಕರದ ವಿಷಯಕ್ಕೆ ಸಹೋದ್ಯೋಗಿಯೊಬ್ಬರ ಮೇಲೆ ರೇಗಾಡಿದ್ದರು. ಮರಣೋತ್ತರ ಪರೀಕ್ಷೆಯಲ್ಲಿ ಅವರ ಹೃದಯದ ರಕ್ತನಾಳಗಳು ಬಹುಕಾಲದಿಂದ ಗಟ್ಟಿಯಾಗಿದ್ದುದೂ, ಸಾವಿಗೆ ಸ್ವಲ್ಪ ಮುಂಚೆ ನಾಳದ ಗೋಡೆಯಲ್ಲಿ ಬಿರುಕುಬಿಟ್ಟಿದ್ದುದೂ ಕಂಡಿತು. ಅವರ ವೈದ್ಯಕೀಯ ಪ್ರಮಾಣಪತ್ರ ಊರ್ಜಿತವಾಗಿಯೇ ಇತ್ತು.

ಕಾಕ್‌ಪಿಟ್‌ನಲ್ಲಿ ಅವರೊಬ್ಬರೇ ಇರಲಿಲ್ಲ. ಪಕ್ಕದಲ್ಲಿ 22ರ ಹರೆಯದ ಸೆಕೆಂಡ್ ಆಫೀಸರ್, ಹಿಂದೆ ಇನ್ನೊಬ್ಬ ಕಿರಿಯ ಪೈಲಟ್, ಜೊತೆಗೆ ಪ್ರಯಾಣಿಕರಾಗಿ ಕೂತಿದ್ದ ಮತ್ತೊಬ್ಬ ಕ್ಯಾಪ್ಟನ್. ವೇಗ ಇರಬೇಕಾದದ್ದಕ್ಕಿಂತ ಸುಮಾರು 60 ನಾಟ್ ಕಡಿಮೆಯಿದ್ದಾಗ ರೆಕ್ಕೆಯ ಮುಂಚೂಣಿಯ ‘ಡ್ರೂಪ್’ ಎಂಬ ಪಟ್ಟಿಗಳನ್ನು ಒಳಕ್ಕೆ ಎಳೆದುಕೊಳ್ಳಲಾಯಿತು. ರೆಕ್ಕೆಗೆ ಗಾಳಿಯ ಹಿಡಿತ ತಪ್ಪಿತು. ಎಚ್ಚರಿಕೆಯ ಕಂಪನ ಬಂತು. ಮೂತಿಯನ್ನು ತಾನಾಗಿ ಕೆಳಗೆ ತಳ್ಳುವ ಸಾಧನವೂ ಕೆಲಸ ಮಾಡಿತು. ಅದನ್ನೂ ಯಾರೋ ನಿಲ್ಲಿಸಿದರು. ಅಷ್ಟು ಹೊತ್ತೂ ಆ ಪಟ್ಟಿಗಳ ಲಿವರ್ ಅನ್ನು ಮತ್ತೆ ಕೆಳಗಿಳಿಸಲು ಯಾವ ಕೈಯೂ ಹೋಗಲಿಲ್ಲ. ಅದನ್ನು ಎಳೆದವರು ಯಾರೆಂಬುದೂ ಖಚಿತವಾಗಲಿಲ್ಲ, ಏಕೆಂದರೆ ಮಾತು ದಾಖಲಿಸುವ ರೆಕಾರ್ಡರ್ ಆ ವಿಮಾನದಲ್ಲಿರಲಿಲ್ಲ. ಬ್ರಿಟನ್ನಿನ ದೊಡ್ಡ ವಿಮಾನಗಳಲ್ಲಿ ಅದು ಕಡ್ಡಾಯವಾಗಲು ಈ ಅಪಘಾತವೇ ಕಾರಣವಾಯಿತು.

ನ್ಯಾಯಮೂರ್ತಿ ಜೆಫ್ರಿ ಲೇನ್ ನಡೆಸಿದ ವಿಚಾರಣೆ ಕ್ಯಾಪ್ಟನ್‌ರ ಹೃದಯವನ್ನು ದೂರಿ ಕೈತೊಳೆದುಕೊಳ್ಳಲಿಲ್ಲ. ಅದಕ್ಕಾಗಿ ಆ ವರದಿಯನ್ನು ನಾನು ಮೆಚ್ಚುತ್ತೇನೆ. ಮೂಲ ಕಾರಣಗಳ ಪಟ್ಟಿಯಲ್ಲಿ ಹೃದಯದ ಜೊತೆಗೇ ಸೆಕೆಂಡ್ ಆಫೀಸರ್‌ನ ಅನುಭವದ ಕೊರತೆ ಬಂತು. ಕಣ್ಣಿಗೆ ಕಾಣದಂತೆ ಬರುವ ಅಸಮರ್ಥತೆಯನ್ನು ಗುರುತಿಸಲು ಸಿಬ್ಬಂದಿಗೆ ತರಬೇತಿ ಕೊಟ್ಟಿರಲಿಲ್ಲ ಎಂಬುದೂ ಬಂತು. ಕ್ಯಾಪ್ಟನ್ ಕುಸಿದುಬಿದ್ದಿದ್ದರೆ ಬಹುಶಃ ಎಲ್ಲರೂ ಬದುಕುತ್ತಿದ್ದರು. ಅವರು ನೆಟ್ಟಗೆ ಕೂತೇ ಇದ್ದದ್ದು ಕುತ್ತಾಯಿತು.

ಹಾಗಾದರೆ ವೈದ್ಯರ ತಪಾಸಣೆ? ನಮ್ಮ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಯುದ್ಧವಿಮಾನದ ಪೈಲಟ್‌ಗಳಷ್ಟೇ ಅಲ್ಲ, ನಾಗರಿಕ ಪೈಲಟ್ ಆಗಬಯಸುವವರೂ ತಪಾಸಣೆಗೆ ಬರುವ ಜಾಗ ಅದು. ಕಣ್ಣು, ಕಿವಿ, ರಕ್ತ, ಇಸಿಜಿ ಎಲ್ಲ ಆಗುತ್ತದೆ. ಈ ಶಿಸ್ತಿನ ಬಗ್ಗೆ ನನಗೆ ಗೌರವವಿದೆ. ಅದರಿಂದ ಖಾತರಿ ನಿರೀಕ್ಷಿಸುವುದು ಮಾತ್ರ ತಪ್ಪು. ವಿಮಾನ ವೈದ್ಯಶಾಸ್ತ್ರ ತಾನೂ ಖಾತರಿ ಕೊಡುವುದಿಲ್ಲ. ಹಲವು ದೇಶಗಳು ಅಳತೆಗೋಲಾಗಿ ಬಳಸುವ ‘ಶೇಕಡಾ 1ರ ನಿಯಮ’ವನ್ನೇ ನೋಡಿ. ಒಬ್ಬ ಪೈಲಟ್ ಹಠಾತ್ತನೆ ಅಸಮರ್ಥನಾಗುವ ಸಂಭವ ವರ್ಷಕ್ಕೆ ಶೇಕಡಾ 1ರ ಒಳಗಿದ್ದರೆ ಇಬ್ಬರು ಪೈಲಟ್‌ಗಳ ವಿಮಾನ ಹಾರಿಸಬಹುದು. ವರ್ಷಕ್ಕೆ 8760 ಗಂಟೆ ಎಂದರೆ ಇದು ಗಂಟೆಗೆ ಸುಮಾರು ಹತ್ತು ಲಕ್ಷದಲ್ಲಿ ಒಂದು. ಹಾರಾಟದ ಹತ್ತನೇ ಒಂದು ಭಾಗವಷ್ಟೇ ನಾಜೂಕಿನ ಹೊತ್ತು ಎಂದು ಹಿಡಿದರೆ ಕೋಟಿಗೆ ಒಂದು. ಆ ನಾಜೂಕಿನ ಹೊತ್ತಿನಲ್ಲೂ ನೂರರಲ್ಲಿ 99 ಸಲ ಇನ್ನೊಬ್ಬ ಪೈಲಟ್ ಸಂಭಾಳಿಸುತ್ತಾರೆಂದು ಹಿಡಿದರೆ, ನೂರು ಕೋಟಿ ಗಂಟೆಗೆ ಒಂದು ಅಪಘಾತ.

ಲೆಕ್ಕ ಸೊಗಸಾಗಿದೆ. ಆದರೆ ಅದರ ಕೊನೆಯ ಗುಣಾಕಾರ ನೋಡಿ. ಇಡೀ ಲೆಕ್ಕ ನಿಂತಿರುವುದು ಪಕ್ಕದ ಸೀಟಿನವರು ನೂರಕ್ಕೆ 99 ಸಲ ಸಕಾಲಕ್ಕೆ ಕೈಹಾಕುತ್ತಾರೆಂಬ ನಂಬಿಕೆಯ ಮೇಲೆ. ಅವರು ಹಿಂಜರಿದರೆ ಇಸಿಜಿ ಎಷ್ಟು ಚೆನ್ನಾಗಿ ತೆಗೆದಿದ್ದರೂ ಉಪಯೋಗವಿಲ್ಲ.

ಆ ಹಿಂಜರಿಕೆ ಎಂಥದ್ದೆಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಟೇಬಲ್‌ಟಾಪ್ ರನ್‌ವೇ ದಾಟಿ ಕಮರಿಗೆ ಉರುಳಿತು. 158 ಜನ ತೀರಿಕೊಂಡರು, ಎಂಟು ಜನ ಬದುಕಿದರು. ಏರ್ ಮಾರ್ಷಲ್ ಗೋಖಲೆ ನೇತೃತ್ವದ ತನಿಖೆ ಹೇಳಿದ ಸಂಗತಿಗಳನ್ನು ನಾವು ಆಗ ಓದಿ ಈಗ ಮರೆತಿದ್ದೇವೆ. ಕಾಕ್‌ಪಿಟ್ ರೆಕಾರ್ಡರ್‌ನ ಮೊದಲ ಒಂದು ಗಂಟೆ 40 ನಿಮಿಷ ಮಾತೇ ಇರಲಿಲ್ಲ. ನಡುನಡುವೆ ಗೊರಕೆ, ಆಳವಾದ ಉಸಿರಾಟ ಕೇಳುತ್ತಿತ್ತು. ಕ್ಯಾಪ್ಟನ್ ದೀರ್ಘ ನಿದ್ದೆಯಿಂದ ಎದ್ದು, ನಿದ್ದೆಯ ಮಂಕು ಹರಿಯುವ ಮುನ್ನವೇ ಲ್ಯಾಂಡಿಂಗ್‌ಗೆ ಇಳಿದಿದ್ದರು. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಕೋ-ಪೈಲಟ್ ಅದನ್ನು ಗುರುತಿಸಿದರು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಮೂರು ಸಲ ಹೇಳಿದರು. ಯಂತ್ರದ ಎಚ್ಚರಿಕೆಯೂ ಕೂಗುತ್ತಲೇ ಇತ್ತು. 8033 ಅಡಿಯ ರನ್‌ವೇಯಲ್ಲಿ ವಿಮಾನ ನೆಲಮುಟ್ಟಿದ್ದು ಸುಮಾರು 5200 ಅಡಿ ಕಳೆದ ಮೇಲೆ.

ಇದು ಕಾಯಿಲೆಯಲ್ಲ, ನಿದ್ದೆ ಎನ್ನುವವರಿದ್ದಾರೆ. ಪಕ್ಕದ ಸೀಟಿನಿಂದ ನೋಡಿದರೆ ಎರಡರಲ್ಲಿ ಯಾವ ವ್ಯತ್ಯಾಸವೂ ಇಲ್ಲ: ಹೇಳಿದ್ದು ಒಳಗಿಳಿಯದ ಮನುಷ್ಯ, ದಾರಿ ತಪ್ಪಿದ ವಿಮಾನ. ಎರಡು ಕರೆಗಳ ನಿಯಮಕ್ಕೆ ಇದಕ್ಕಿಂತ ಸ್ಪಷ್ಟ ಸನ್ನಿವೇಶ ಸಿಗಲಾರದು, ಮತ್ತು ಇಲ್ಲಿ ಕರೆಗಳು ಮೂರಾದವು. ಆದರೂ ಕೋ-ಪೈಲಟ್ ವಿಮಾನ ಕೈಗೆ ತೆಗೆದುಕೊಳ್ಳಲಿಲ್ಲ. ತನಿಖೆ ಇದಕ್ಕೆ ಸೂಚಿಸಿದ ಕಾರಣ ಎದೆಗೆ ನಾಟುವಂಥದ್ದು: ಮೇಲೇರುವ ನಿರ್ಧಾರವನ್ನು ಕೋ-ಪೈಲಟ್ ತಾನೇ ತೆಗೆದುಕೊಳ್ಳಬಹುದೇ ಎಂಬ ಬಗ್ಗೆ ಸೂಚನೆಗಳಲ್ಲೇ ಗೊಂದಲವಿತ್ತು. ಕರೆಯಲು ಕಲಿಸಿದ್ದೆವು, ಕರೆದ ಮೇಲೆ ಕೈಹಾಕುವ ಹಕ್ಕನ್ನು ನಿಸ್ಸಂದಿಗ್ಧವಾಗಿ ಬರೆದುಕೊಟ್ಟಿರಲಿಲ್ಲ. ಹಿರಿಯರ ಮಾತಿಗೆ ಎದುರಾಡಬಾರದು ಎಂದು ಮನೆಯಲ್ಲಿ, ಶಾಲೆಯಲ್ಲಿ ಕಲಿತು ಬಂದವರ ನಾಡಿದು. ಇಲ್ಲಿ ಆ ಹಕ್ಕು ಕರಾರುವಾಕ್ಕಾಗಿ ಇರಬೇಕು, ಅದನ್ನು ಚಲಾಯಿಸಿದವರಿಗೆ ಆಮೇಲೆ ಯಾರೂ ಬೈಯಬಾರದು. ಶಂಕೆ ತಪ್ಪಾಗಿದ್ದರೆ ಹೋಗುವುದು ಒಂದಿಷ್ಟು ಇಂಧನ, ಕಾಲು ಗಂಟೆ.

ನಿಯಮ ಇದ್ದಹಾಗೆ ನಡೆದಾಗ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. 2009ರ ಜೂನ್ 18ರಂದು ಬ್ರಸೆಲ್ಸ್‌ನಿಂದ ನ್ಯೂಯಾರ್ಕ್ ಸಮೀಪದ ನೆವಾರ್ಕ್‌ಗೆ ಹೋಗುತ್ತಿದ್ದ ಕಾಂಟಿನೆಂಟಲ್ ವಿಮಾನದ ಕ್ಯಾಪ್ಟನ್ ಅಟ್ಲಾಂಟಿಕ್ ಮೇಲೆ ತೀರಿಕೊಂಡರು. ಉಳಿದ ಪೈಲಟ್‌ಗಳು 247 ಪ್ರಯಾಣಿಕರನ್ನು ಕ್ಷೇಮವಾಗಿ ತಲುಪಿಸಿದರು. 2024ರ ಅಕ್ಟೋಬರ್‌ನಲ್ಲಿ ಸಿಯಾಟಲ್‌ನಿಂದ ಇಸ್ತಾಂಬುಲ್‌ಗೆ ಹೊರಟಿದ್ದ ಟರ್ಕಿಶ್ ಏರ್‌ಲೈನ್ಸ್ ವಿಮಾನದಲ್ಲೂ ಕ್ಯಾಪ್ಟನ್ ತೀರಿಕೊಂಡರು; ವಿಮಾನ ನ್ಯೂಯಾರ್ಕ್‌ನಲ್ಲಿ ಇಳಿಯಿತು.

ಕಾಯಿಲೆಯನ್ನು ಪೈಲಟ್‌ಗಳು ಬಚ್ಚಿಡುವಂತೆ ಮಾಡುವ ವ್ಯವಸ್ಥೆಯನ್ನೂ ಇಲ್ಲಿ ಪ್ರಶ್ನಿಸಬೇಕು. 2015ರ ಮಾರ್ಚ್‌ನಲ್ಲಿ ಜರ್ಮನ್‌ವಿಂಗ್ಸ್ ವಿಮಾನವನ್ನು ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿ 150 ಜನರ ಸಾವಿಗೆ ಕಾರಣನಾದ ಕೋ-ಪೈಲಟ್‌ಗೆ ವೈದ್ಯರು ಕೆಲಸಕ್ಕೆ ಹೋಗಬೇಡವೆಂದು ಚೀಟಿ ಕೊಟ್ಟಿದ್ದರು. ಆ ಚೀಟಿ ಕಂಪನಿಗೆ ತಲುಪಲಿಲ್ಲ. ಹೇಳಿಕೊಂಡರೆ ಲೈಸೆನ್ಸ್ ಹೋಗುತ್ತದೆ, ಸಂಬಳ ಹೋಗುತ್ತದೆ, ತರಬೇತಿಗೆ ಮಾಡಿದ ಸಾಲ ಉಳಿಯುತ್ತದೆ ಎಂದಾದರೆ ಎದೆನೋವನ್ನೂ ಗ್ಯಾಸ್ಟ್ರಿಕ್ ಎಂದುಕೊಂಡು ಡ್ಯೂಟಿಗೆ ಹೋಗುವವರಿರುತ್ತಾರೆ. ದಣಿವಿನ ವಿಷಯದಲ್ಲೂ ವ್ಯವಸ್ಥೆ ನಿಧಾನವೇ: ನಮ್ಮಲ್ಲಿ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ ಆದೇಶ 2024ರ ಜನವರಿಯಲ್ಲಿ ಬಂತು. ಜಾರಿ 2025ರವರೆಗೆ ಎಳೆಯಿತು. ಬಜ್ಪೆಯ ನಂತರ ಒಂದೂವರೆ ದಶಕ!

ಇಷ್ಟೆಲ್ಲ ಗೊತ್ತಿದ್ದೂ, ಸಾಗರದ ಮೇಲಿನ ದೀರ್ಘ ಹಾರಾಟದಲ್ಲಿ ಒಬ್ಬ ಪೈಲಟ್ ಮಲಗಿರಲಿ, ಇನ್ನೊಬ್ಬರೇ ಕಾಕ್‌ಪಿಟ್ ನೋಡಿಕೊಳ್ಳಲಿ ಎಂಬ ಯೋಜನೆಯೊಂದು ಹೊರಟಿತ್ತು. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯ ಅಧ್ಯಯನ, ಈ ಕ್ರಮ ಇಬ್ಬರು ಪೈಲಟ್‌ಗಳಿದ್ದಷ್ಟು ಸುರಕ್ಷಿತವೆಂದು ತೋರಿಸಲಾಗದು ಎಂದು 2025ರಲ್ಲಿ ಹೇಳಿದೆ. ಅದೇ ವರ್ಷ ಸ್ಪೇನ್‌ನ ತನಿಖಾ ಸಂಸ್ಥೆಯ ವರದಿಯೂ ಹೊರಬಂತು. 2024ರ ಫೆಬ್ರವರಿ 17ರಂದು ಫ್ರಾಂಕ್‌ಫರ್ಟ್‌ನಿಂದ ಸೆವಿಲ್‌ಗೆ ಹೋಗುತ್ತಿದ್ದ ಲುಫ್ತಾನ್ಸಾ ವಿಮಾನದ ಕ್ಯಾಪ್ಟನ್ ಶೌಚಾಲಯಕ್ಕೆ ಹೋದಾಗ, 38 ವರ್ಷದ ಕೋ-ಪೈಲಟ್ ಒಳಗೆ ಒಬ್ಬರೇ ಇದ್ದು ಪ್ರಜ್ಞೆ ತಪ್ಪಿದರು. ವೈದ್ಯಕೀಯ ತಪಾಸಣೆಯಲ್ಲಿ ಪತ್ತೆಯಾಗದಂಥ ನರಸಂಬಂಧಿ ತೊಂದರೆ. ಕ್ಯಾಪ್ಟನ್ ಹಿಂತಿರುಗಿ ಬಾಗಿಲಿನ ಕೋಡ್ ಒತ್ತಿದರು; ತೆರೆಯಲಿಲ್ಲ. ಮತ್ತೆ ಒತ್ತಿದರು, ಒಟ್ಟು ಐದು ಸಲ. ಗಗನಸಖಿ ಇಂಟರ್‌ಕಾಮ್‌ನಲ್ಲಿ ಕರೆದರು. ಕೊನೆಗೆ ಕ್ಯಾಪ್ಟನ್ ತುರ್ತು ಕೋಡ್ ಹಾಕಿದರು. ಅದು ಬಾಗಿಲನ್ನು ತಾನಾಗಿ ತೆರೆಯುವ ಮುನ್ನ, ಅರೆಪ್ರಜ್ಞೆಯಲ್ಲಿದ್ದ ಕೋ-ಪೈಲಟ್ ಹೇಗೋ ಎದ್ದು ತೆರೆದರು. ಸುಮಾರು ಹತ್ತು ನಿಮಿಷ 199 ಪ್ರಯಾಣಿಕರನ್ನು ಹೊತ್ತ ವಿಮಾನ ಆಟೋಪೈಲಟ್ ಭರವಸೆಯಲ್ಲೇ ಹಾರಿತು. ಒಬ್ಬ ಪೈಲಟ್ ಎದ್ದು ಹೊರಗೆ ಹೋದರೆ ಸಿಬ್ಬಂದಿಯಲ್ಲಿ ಇನ್ನೊಬ್ಬರು ಒಳಗಿರಬೇಕೆಂಬ ಕ್ರಮವನ್ನು ಮರುಪರಿಶೀಲಿಸಿ ಎಂದು ಆ ವರದಿ ಕೇಳಿದೆ. ಜರ್ಮನ್‌ವಿಂಗ್ಸ್ ನಂತರ ಯುರೋಪ್ ಅದನ್ನು ತಂದು, ಮರುವರ್ಷವೇ ಸಡಿಲಿಸಿತ್ತು. ಸಡಿಲಿಸಬಾರದಿತ್ತು. ಎಲ್ಲ ದೇಶಗಳೂ ಅದನ್ನು ಕಡ್ಡಾಯ ಮಾಡಬೇಕು. ಒಳಗೆ ಬಂದು ಕೂರುವ ಗಗನಸಖಿಗೆ ಬಾಗಿಲು ತೆರೆಯುವುದರ ಜೊತೆಗೆ ಪೈಲಟ್‌ನ್ನು ಎರಡು ಸಲ ಮಾತಾಡಿಸಿ ನೋಡುವುದನ್ನೂ ಕಲಿಸಬೇಕು.