ಸದ್ದಿಗೊಂದು ಕಾರಣ ಇರಬೇಕು

ಏರ್‌ಬಸ್ ಎ320ರಲ್ಲಿ ರೆಕ್ಕೆಯ ಆಸುಪಾಸಿನ ಸೀಟು ಸಿಕ್ಕವರಿಗೆ ಈ ಸದ್ದು ಗೊತ್ತಿರುತ್ತದೆ. ವಿಮಾನ ಇನ್ನೂ ಹೊರಟಿಲ್ಲ, ಇಲ್ಲವೇ ಇಳಿದು ನಿಧಾನಕ್ಕೆ ನಿಲ್ದಾಣದ ಕಡೆ ಉರುಳುತ್ತಿದೆ. ಆಗ ಕಾಲಡಿಯಿಂದ ಮರ ಕೊಯ್ದಂತೆ, ಗಂಟಲು ಕಟ್ಟಿದ ನಾಯಿ ಬೊಗಳಿದಂತೆ ಬಿಟ್ಟು ಬಿಟ್ಟು ಕೇಳಿಸುತ್ತದೆ. ಪಕ್ಕದವರು ಒಮ್ಮೆ ನೆಲ ನೋಡುತ್ತಾರೆ, ಒಮ್ಮೆ ಗಗನಸಖಿಯ ಮುಖ ನೋಡುತ್ತಾರೆ. ಹೆದರುವಂಥದ್ದೇನಲ್ಲ. ಈ ವಿಮಾನದಲ್ಲಿ ಹೈಡ್ರಾಲಿಕ್ ಎಣ್ಣೆಯ ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ. ಹಸಿರು, ಹಳದಿ, ನೀಲಿ ಎಂದು ಅವಕ್ಕೆ ಹೆಸರು. ಹಸಿರಿಗೆ ಒಂದನೇ ಇಂಜಿನ್ನಿನ ಪಂಪು, ಹಳದಿಗೆ ಎರಡನೆಯದರ ಪಂಪು, ನೀಲಿಗೆ ಕರೆಂಟಿನ ಪಂಪು. ಹಸಿರು ಮತ್ತು ಹಳದಿಯ ಒತ್ತಡದಲ್ಲಿ 500 ಪಿಎಸ್‌ಐಗಿಂತ ಹೆಚ್ಚು ವ್ಯತ್ಯಾಸ ಬಂದರೆ, ನಡುವೆ ಕೂತಿರುವ ಪಿಟಿಯು ಎಂಬ ಸಾಧನ ಎದ್ದು, ಗಟ್ಟಿ ಇರುವ ಕಡೆಯ ಬಲವನ್ನು ಸೊರಗಿದ ಕಡೆಗೆ ದಾಟಿಸುತ್ತದೆ. ಎಣ್ಣೆ ದಾಟುವುದಿಲ್ಲ, ಬಲ ಮಾತ್ರ ದಾಟುತ್ತದೆ. ಒತ್ತಡ ಏರಿದರೆ ಸುಮ್ಮನಾಗುತ್ತದೆ, ಮತ್ತೆ ಇಳಿದರೆ ಮತ್ತೆ ಬೊಗಳುತ್ತದೆ.

ಮನೆಯ ಸಿಮ್ಯುಲೇಟರಿಗೆ ಯಾವ ವಿಮಾನ ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಸದ್ದಿನ ಕತೆಯನ್ನೇ. ಸಿಮ್ಯುಲೇಟರಿಗೆ ಹೊರಗಿನಿಂದ ಸೇರಿಸಿಕೊಳ್ಳುವ ಹಲವು ಆಡ್-ಆನ್ ವಿಮಾನಗಳಲ್ಲಿ ಈ ಬೊಗಳು ಇರುತ್ತದೆ. ಆದರೆ ಎರಡನೇ ಇಂಜಿನ್ ಸ್ಟಾರ್ಟ್ ಆಗುವಾಗ ಇಂತಿಷ್ಟು ಸೆಕೆಂಡಿಗೆ ಈ ಧ್ವನಿಮುದ್ರಿಕೆ ಹಾಕು ಎಂದು ಬರೆದಿಟ್ಟ ಬೊಗಳು ಬೇರೆ. ಒಳಗೆ ನಿಜವಾಗಿಯೂ ಎರಡು ಒತ್ತಡಗಳನ್ನು ಲೆಕ್ಕ ಹಾಕಿ, ವ್ಯತ್ಯಾಸ ಬಂದಾಗ ಹುಟ್ಟುವ ಬೊಗಳು ಬೇರೆ. ಪರೀಕ್ಷೆ ಸುಲಭ. ಎರಡೂ ಇಂಜಿನ್ ಓಡುತ್ತಿರುವಾಗ ಒಂದರ ಹೈಡ್ರಾಲಿಕ್ ಪಂಪನ್ನು ಮೇಲಿನ ಫಲಕದಲ್ಲಿ ಆರಿಸಿ. ಪಿಟಿಯು ಎದ್ದಿತೇ? ಪಿಟಿಯುವನ್ನೂ ಆರಿಸಿ. ಒತ್ತಡ ಕುಸಿಯಿತೇ, ಎಚ್ಚರಿಕೆ ಬಂತೇ? ಬಂದರೆ ಆ ವಿಮಾನಕ್ಕೆ ದುಡ್ಡು ಕೊಡಬಹುದು.

ದುಡ್ಡು ಎಂದರೆ ಸಣ್ಣ ಮೊತ್ತವೇನಲ್ಲ. ಸಿಮ್ಯುಲೇಟರಿನ ಬೆಲೆ ಬೇರೆ, ಒಳ್ಳೆಯ ಆಡ್-ಆನ್ ಒಂದಕ್ಕೇ ಐದಾರು ಸಾವಿರ ರೂಪಾಯಿ ಬೇರೆ. ವರ್ಷಗಳ ಹಿಂದೆ ನಾನು ಒಂದನ್ನು ಚಿತ್ರ ನೋಡಿಯೇ ಕೊಂಡೆ. ರೆಕ್ಕೆಯ ಮೇಲಿನ ರಿವೆಟ್ಟು, ಸೀಟಿನ ಹೊಲಿಗೆ, ಕಿಟಕಿಯ ಗೀರು, ಎಲ್ಲವೂ ಕಣ್ಣಿಗೆ ಹಬ್ಬ. ಮೂರನೇ ದಿನ ಒಂದು ಜನರೇಟರ್ ಕೆಡಿಸಿ ನೋಡಿದರೆ ದೀಪ ಕೂಡ ಮಿಣುಕಲಿಲ್ಲ. ಮೇಲಿನ ಫಲಕದ ಅರ್ಧ ಸ್ವಿಚ್ಚುಗಳು ಅಲುಗುತ್ತಿದ್ದವು ಅಷ್ಟೇ, ಅವುಗಳ ಹಿಂದೆ ತಂತಿ ಇರಲಿಲ್ಲ. ಆ ಬೇಸರ ಬಹಳ ದಿನ ಉಳಿಯಿತು. ಅಲ್ಲಿಂದ ಮುಂದೆ ಯಾವ ವಿಮಾನದ ಚಿತ್ರವನ್ನೂ ನಾನು ಕೊನೆಗೆ ನೋಡುತ್ತೇನೆ.

ಇನ್ನೆರಡು ಪರೀಕ್ಷೆಗಳು ನನಗೆ ಪ್ರಿಯ. ಎರಡೂ ಬೋಯಿಂಗ್ 737ರವು. ಜೆಟ್ ಇಂಜಿನ್ನನ್ನು ಸ್ಟಾರ್ಟ್ ಮಾಡಲು ಒತ್ತಡದ ಗಾಳಿ ಬೇಕು. ನಿಂತ ವಿಮಾನದಲ್ಲಿ ಅದನ್ನು ಕೊಡುವುದು ಬಾಲದಲ್ಲಿರುವ ಎಪಿಯು ಎಂಬ ಪುಟ್ಟ ಇಂಜಿನ್. ಅದೇ ಗಾಳಿಯಿಂದಲೇ ಕ್ಯಾಬಿನ್ ತಂಪು ಮಾಡುವ ಪ್ಯಾಕ್‌ಗಳೂ ಓಡುತ್ತವೆ. 737ರಲ್ಲಿ ಸ್ಟಾರ್ಟಿಗೆ ಮುಂಚೆ ಪೈಲಟ್ಟೇ ಪ್ಯಾಕ್‌ಗಳನ್ನು ಆರಿಸಬೇಕು. ನೀವು ಬೇಕೆಂದೇ ಆರಿಸದೆ ಬಿಡಿ. ಗಾಳಿ ಎರಡು ಕಡೆ ಹಂಚಿಹೋಗಿ ಡಕ್ಟಿನ ಒತ್ತಡ ಬೀಳಬೇಕು, ಇಂಜಿನ್ ಏದುಸಿರು ಬಿಡುತ್ತಾ ತಿರುಗಬೇಕು. ಏನೂ ಆಗದಂತೆ ಸಲೀಸಾಗಿ ಸ್ಟಾರ್ಟ್ ಆದರೆ ಆ ವಿಮಾನದೊಳಗೆ ಗಾಳಿಯೇ ಇಲ್ಲ ಎಂದರ್ಥ. ಏರ್‌ಬಸ್‌ನಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಅಲ್ಲಿ ಸ್ಟಾರ್ಟಿನ ಹೊತ್ತಿಗೆ ಪ್ಯಾಕ್ ವಾಲ್ವ್‌ಗಳು ತಾವೇ ಮುಚ್ಚಿಕೊಳ್ಳುತ್ತವೆ. ಎರಡು ಕಂಪನಿಗಳ ಸ್ವಭಾವವೇ ಈ ಒಂದು ಸ್ವಿಚ್ಚಿನಲ್ಲಿ ಕಾಣುತ್ತದೆ.

ಎರಡನೆಯ ಪರೀಕ್ಷೆಗೆ ತಾಳ್ಮೆ ಬೇಕು. ವಿಮಾನ ಹೊರಡುವ ಮುಂಚೆ ಅದರ ಐಆರ್‌ಎಸ್, ಅಂದರೆ ತಾನೆಲ್ಲಿದ್ದೇನೆ ಎಂದು ತಾನೇ ಲೆಕ್ಕ ಇಡುವ ಉಪಕರಣ, ಉತ್ತರ ದಿಕ್ಕನ್ನು ಕಂಡುಕೊಳ್ಳಬೇಕು. ಅದು ದಿಕ್ಸೂಚಿ ನೋಡುವುದಿಲ್ಲ. ಕಾಲ ಕೆಳಗೆ ಭೂಮಿ ತಿರುಗುವುದನ್ನು ಅಳೆದು, ಆ ತಿರುಗಾಟದಿಂದ ಉತ್ತರ ಯಾವ ಕಡೆ ಎಂದು ತಿಳಿಯುತ್ತದೆ. ಸಮಭಾಜಕದ ಹತ್ತಿರ ಈ ಸುಳಿವು ಸ್ಪಷ್ಟ, ಧ್ರುವದ ಕಡೆ ಹೋದಂತೆ ಮಸುಕು. ಹಾಗಾಗಿ 737ರಲ್ಲಿ ಸಮಭಾಜಕದ ಬಳಿ ಸುಮಾರು ಐದು ನಿಮಿಷಕ್ಕೆ ಮುಗಿಯುವ ಕೆಲಸಕ್ಕೆ 70 ಡಿಗ್ರಿ ಅಕ್ಷಾಂಶದಲ್ಲಿ ಹತ್ತು ನಿಮಿಷ ಬೇಕು. ಬೆಂಗಳೂರಿನಲ್ಲಿ ಒಮ್ಮೆ, ನಾರ್ವೆಯ ಟ್ರೊಮ್ಸೊದಲ್ಲಿ ಒಮ್ಮೆ ಕೂತು ಗಡಿಯಾರ ನೋಡಿ. ಎರಡು ಕಡೆ ಎರಡು ಲೆಕ್ಕ ಬಂದರೆ, ಆ ವಿಮಾನ ಬರೆದವರು ಯಾರೂ ಗಮನಿಸದ ಮೂಲೆಯಲ್ಲೂ ಪ್ರಾಮಾಣಿಕರಾಗಿದ್ದಾರೆ ಎಂದು ತಿಳಿದುಕೊಳ್ಳಬಹುದು. ಅಂಥವರ ಕೆಲಸಕ್ಕೆ ನನಗೆ ತುಂಬು ಗೌರವ.

ಇನ್ನು ಆಯ್ಕೆಯ ಮಾತು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರ ಆಗಸ್ಟ್‌ನಲ್ಲಿ ಹೊಸ ರೂಪದಲ್ಲಿ ಬಂದಾಗ ನೆಲ, ಮೋಡ, ಬೆಳಕು ಎಲ್ಲ ಅದ್ಭುತವಾಗಿತ್ತು. ಗಂಭೀರವಾಗಿ ಹಾರಿಸಬಲ್ಲ ಏರ್‌ಲೈನರ್ ಮಾತ್ರ ಇರಲಿಲ್ಲ. ಆ ಕೊರತೆ ತುಂಬಿದ್ದು 2022ರ ಮೇ ತಿಂಗಳು. ಒಂದೇ ತಿಂಗಳಲ್ಲಿ ಪಿಎಂಡಿಜಿ ಕಂಪನಿಯ ಬೋಯಿಂಗ್ 737-700 ಬಂತು, ಫೀನಿಕ್ಸ್ ಸಿಮ್ಯುಲೇಷನ್ಸ್‌ನ ಏರ್‌ಬಸ್ ಎ320 ಬಂತು. ಫೀನಿಕ್ಸ್ ತನ್ನ ವ್ಯವಸ್ಥೆಗಳಿಗೆ ಆಧಾರವಾಗಿ ತೆಗೆದುಕೊಂಡದ್ದು ಪ್ರೋಸಿಮ್ ಎಂಬ, ದೊಡ್ಡ ಕಾಕ್‌ಪಿಟ್ ಸಿಮ್ಯುಲೇಟರುಗಳಿಗೆಂದೇ ಬರೆದ ತಂತ್ರಾಂಶವನ್ನು. ಪಿಎಂಡಿಜಿ ತಾನೇ 1997ರಿಂದ ಈ ಕಸುಬಿನಲ್ಲಿದೆ. ಇವತ್ತಿಗೂ ಹೊಸಬರ ಪ್ರಶ್ನೆ ಬಹುಮಟ್ಟಿಗೆ ಇವೆರಡರ ನಡುವೆಯೇ ನಿಲ್ಲುತ್ತದೆ.

ನನ್ನ ಉತ್ತರ ನಿಮ್ಮ ಮೇಜಿನ ಮೇಲೆ ಏನಿದೆ ಎನ್ನುವುದರ ಮೇಲಿದೆ. ಎ320ರಲ್ಲಿ ಟೇಕಾಫ್ ಆಗಿ ಸ್ವಲ್ಪ ಎತ್ತರಕ್ಕೆ ಹೋದ ಮೇಲೆ ಪೈಲಟ್ ಥ್ರಸ್ಟ್ ಲಿವರುಗಳನ್ನು ಸಿಎಲ್ ಎಂಬ ಕಚ್ಚಿಗೆ ತಂದು ಬಿಡುತ್ತಾರೆ. ಆಮೇಲೆ ಇಂಜಿನ್ನಿನ ಬಲ ಏರಲಿ ಇಳಿಯಲಿ, ಲಿವರ್ ಕದಲುವುದಿಲ್ಲ. ಇಳಿಯುವಾಗ ನೆಲಕ್ಕೆ ಇಪ್ಪತ್ತು ಅಡಿ ಇರುವಾಗ ವಿಮಾನವೇ ‘ರಿಟಾರ್ಡ್’ ಎಂದು ಕೂಗಿ ಹೇಳುವ ತನಕ ಅವು ಅಲ್ಲೇ. ಎಡಗಡೆ ಸೈಡ್‌ಸ್ಟಿಕ್ ಕೂಡ ಸ್ಪ್ರಿಂಗಿನದು. ಬಿಟ್ಟರೆ ನಡುವಿಗೆ ಬರುತ್ತದೆ. ಈಗ ನಿಮ್ಮ ಮನೆಯ ಜಾಯ್‌ಸ್ಟಿಕ್ ನೋಡಿ. ಅದೂ ಸ್ಪ್ರಿಂಗಿನದು, ಅದರ ಥ್ರಾಟಲ್ಲೂ ತಾನಾಗಿ ಕದಲುವುದಿಲ್ಲ. ಅಂದರೆ ಏರ್‌ಬಸ್ ಪೈಲಟ್ಟಿನ ಕೈಗೆ ಸಿಗುವ ಅನುಭವಕ್ಕೂ ನಿಮ್ಮದಕ್ಕೂ ಬಹಳ ದೂರವಿಲ್ಲ.

737ರಲ್ಲಿ ಹಾಗಲ್ಲ. ಆಟೋಥ್ರಾಟಲ್ ಇಂಜಿನ್ನಿನ ಬಲ ಬದಲಿಸಿದಾಗ ಲಿವರುಗಳು ನಿಜವಾಗಿ ಹಿಂದೆ ಮುಂದೆ ಓಡುತ್ತವೆ, ಮೇಲೆ ಕೈ ಇಟ್ಟ ಪೈಲಟ್ಟಿಗೆ ಅಂಗೈಯಲ್ಲೇ ಸುದ್ದಿ ಮುಟ್ಟುತ್ತದೆ. ಮೊಣಕಾಲ ಪಕ್ಕದಲ್ಲಿ ಬಿಳಿ ಪಟ್ಟೆಯ ಕರಿ ಟ್ರಿಮ್ ಚಕ್ರ ಖಟಖಟ ತಿರುಗುತ್ತದೆ. ಯೋಕ್ ಎಂಬ ಹಿಡಿಕೆಯ ಹಿಂದೆ ಕೇಬಲ್ಲುಗಳ ಭಾರವಿದೆ. ಮೋಟಾರಿಲ್ಲದ ಪ್ಲಾಸ್ಟಿಕ್ ಥ್ರಾಟಲ್ ಇಟ್ಟುಕೊಂಡರೆ ಬೋಯಿಂಗ್ ಹೇಳುವ ಮಾತಿನಲ್ಲಿ ಅರ್ಧ ನಿಮಗೆ ಕೇಳಿಸುವುದೇ ಇಲ್ಲ. ಆದ್ದರಿಂದ ಸಾಮಾನ್ಯ ಜಾಯ್‌ಸ್ಟಿಕ್ ಇರುವವರಿಗೆ ನಾನು ಹೇಳುವುದು ಫೀನಿಕ್ಸ್ ಎ320. ಯೋಕ್ ಇದೆ, ಆಟೋಪೈಲಟ್ ಆರಿಸಿ ಕೈಯಲ್ಲೇ ಹಾರಿಸುವ ಹಟವೂ ಇದೆ ಎನ್ನುವವರಿಗೆ ಪಿಎಂಡಿಜಿಯ 737-800. ಕರಾವಳಿಯವರಿಗೆ ಇದರಲ್ಲಿ ಇನ್ನೊಂದು ಖುಷಿಯಿದೆ: ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737ರಲ್ಲಿ ಮಂಗಳೂರಿನಿಂದ ದುಬೈಗೆ ಹೋಗಿ ಬಂದವರು ಒಂದಿಬ್ಬರಾದರೂ ಇಲ್ಲದ ಮನೆ ಅಲ್ಲಿ ಕಡಿಮೆ.

ಏರ್‌ಬಸ್ ಕೊಂಡವರಿಗೆ ಒಂದು ಮಾತು ಹೇಳಲೇಬೇಕು. ಇದನ್ನು ನಾನು ಹಗುರವಾಗಿ ಹೇಳಲಾರೆ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುವಾಗ ರನ್‌ವೇ ಮುಟ್ಟುವ ಮೊದಲೇ ಪಕ್ಕದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ಒಳಗಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ತನಿಖೆ ಬೊಟ್ಟು ಮಾಡಿದ್ದು ಇಳಿಯುವ ವಿಧಾನವೊಂದರ ಕಡೆಗೆ. ಎ320ರಲ್ಲಿ ಎತ್ತರದ ಗುಂಡಿಯನ್ನು ಎಳೆದು ಇಳಿದರೆ ಅದು ಓಪನ್ ಡಿಸೆಂಟ್: ಇಂಜಿನ್ನುಗಳು ಐಡಲ್‌ಗೆ, ಅಂದರೆ ಕನಿಷ್ಠ ಬಲಕ್ಕೆ, ಹೋಗುತ್ತವೆ, ವೇಗವನ್ನು ಮೂಗು ಏರಿಸಿ ಇಳಿಸಿ ಕಾಯಬೇಕು. ಪಕ್ಕದ ಗುಂಡಿಯಿಂದ ನಿಮಿಷಕ್ಕೆ ಇಷ್ಟು ಅಡಿ ಎಂದು ಗೊತ್ತುಮಾಡಿ ಇಳಿದರೆ ವೇಗವನ್ನು ಇಂಜಿನ್ನುಗಳೇ ಕಾಯುತ್ತವೆ. ಅಂದು ವಿಮಾನ ನೆಲಕ್ಕೆ ಹತ್ತಿರವಾದರೂ ಮೊದಲನೆಯ ವಿಧಾನದಲ್ಲೇ ಇತ್ತು. ಇಂಜಿನ್ ಐಡಲ್‌ನಲ್ಲಿ, ವೇಗ ಕರಗುತ್ತಾ. ಬಲ ಕೇಳಿದಾಗ ಜೆಟ್ ಇಂಜಿನ್ ಎದ್ದು ನಿಲ್ಲಲು ಕೆಲವು ಸೆಕೆಂಡು ಬೇಕು, ಆ ಸೆಕೆಂಡುಗಳು ಉಳಿದಿರಲಿಲ್ಲ.

ಈ ಎರಡು ವಿಧಾನಗಳ ವ್ಯತ್ಯಾಸ ಸರಿಯಾಗಿ ಬರೆದಿರುವ ಆಡ್-ಆನ್‌ನಲ್ಲಿ ಮಾತ್ರ ಕಲಿಯಲು ಸಾಧ್ಯ. ಮುಖ್ಯ ಪರದೆಯ ನೆತ್ತಿಯ ಮೇಲೆ ಎಫ್‌ಎಂಎ ಎಂಬ ಸಣ್ಣಕ್ಷರದ ಸಾಲಿದೆ. ಯಾವ ಗುಂಡಿ ಎಳೆದೆ ಎಂಬ ನಿಮ್ಮ ನೆನಪನ್ನು ನಂಬಬೇಡಿ, ಆ ಸಾಲನ್ನು ಓದಿ. ಅಲ್ಲಿ ‘ಥ್ರಸ್ಟ್ ಐಡಲ್’ ಎಂದಿದೆಯೇ, ‘ಸ್ಪೀಡ್’ ಎಂದಿದೆಯೇ? ಓದಿದ್ದನ್ನು ಬಾಯಿಬಿಟ್ಟು ಹೇಳಿ. ಮನೆಯವರಿಗೆ ವಿಚಿತ್ರ ಅನ್ನಿಸಬಹುದು. ಏರ್‌ಬಸ್ ಕಾಕ್‌ಪಿಟ್‌ಗಳಲ್ಲಿ ಪೈಲಟ್ಟುಗಳು ಮಾಡುವುದೂ ಇದನ್ನೇ. ನಾನು ಬೆಂಗಳೂರಿಗೆ ಇಳಿಯುವಾಗಲೆಲ್ಲ ಹೀಗೆ ಓದುತ್ತೇನೆ, ಓದುವಾಗ ಆ 92 ಜನರ ನೆನಪಾಗುತ್ತದೆ.

ದುಡ್ಡು ಕೊಡಲಾಗದವರು ಕೊರಗಬೇಕಿಲ್ಲ. ಫ್ಲೈಬೈವೈರ್ ಎಂಬ ಸ್ವಯಂಸೇವಕರ ತಂಡ ಎ320ನಿಯೋ ವಿಮಾನವನ್ನು ಪೂರ್ತಿ ಉಚಿತವಾಗಿ ಕೊಡುತ್ತಿದೆ. ಮೇಲೆ ಹೇಳಿದ ಎಫ್‌ಎಂಎ ಪಾಠ ಅದರಲ್ಲೂ ಕಲಿಯಬಹುದು. ಎಕ್ಸ್-ಪ್ಲೇನ್ ಸಿಮ್ಯುಲೇಟರ್ ಇಟ್ಟುಕೊಂಡವರಿಗೆ ಜಿಬೊ ಎಂದೇ ಹೆಸರಾದ 737-800 ಉಚಿತ, ಹಣ ಕೊಡುವುದಾದರೆ ಟೋಲಿಸ್‌ನ ಏರ್‌ಬಸ್‌ಗಳು. ವಿಮಾನ ಯಾವುದೇ ಇರಲಿ, ಸಿಮ್‌ಬ್ರೀಫ್‌ನಲ್ಲಿ ಇಂಧನದ ಲೆಕ್ಕ ಹಾಕಿಕೊಂಡೇ ಹೊರಡಿ, ಅದೂ ಉಚಿತ.

ದೊಡ್ಡ ವಿಮಾನದ ಆಸೆ ಎಲ್ಲರಿಗೂ ಇರುತ್ತದೆ. 2021ರ ಜನವರಿಯಲ್ಲಿ ಮಹಿಳೆಯರೇ ಇದ್ದ ಏರ್ ಇಂಡಿಯಾ ಪೈಲಟ್ ತಂಡವೊಂದು ಉತ್ತರ ಧ್ರುವದ ಮೇಲಿನಿಂದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ಹಾರಿಸಿ ತಂದ 777 ನೆನಪಿದ್ದವರಿಗೆ ಆಸೆ ಇನ್ನೂ ಹೆಚ್ಚು. ಪಿಎಂಡಿಜಿಯ 777 ಒಳ್ಳೆಯ ಕೆಲಸವೇ. ಆದರೂ ಮೊದಲ ವಿಮಾನವಾಗಿ ಬೇಡ ಎನ್ನುತ್ತೇನೆ. ಹಾರಾಟದ ಕಲಿಕೆಯೆಲ್ಲ ಇರುವುದು ಹೊರಡುವ ಮೊದಲ ಅರ್ಧ ಗಂಟೆ, ಇಳಿಯುವ ಕೊನೆಯ ಅರ್ಧ ಗಂಟೆಯಲ್ಲಿ. ಹದಿನಾರು ಹದಿನೇಳು ಗಂಟೆಯ ಪಯಣದಲ್ಲಿ ಅದು ಒಂದೇ ಸಲ ಸಿಗುತ್ತದೆ. ಬೆಂಗಳೂರು–ಮಂಗಳೂರು ಓಡಾಡಿದರೆ ಒಂದೇ ಸಂಜೆಯಲ್ಲಿ ಎರಡು ಸಲ.

ಇಷ್ಟೆಲ್ಲ ಹೇಳಿದ ಮೇಲೂ, ನಾನೇ ಹೆಚ್ಚು ಹಾರಿಸುವುದು ಎ320, 737 ಎರಡನ್ನೂ ಅಲ್ಲ. ಮೈಕ್ರೋಸಾಫ್ಟ್ ಸಿಮ್ಯುಲೇಟರಿಗೆ 2023ರಲ್ಲಿ ಹಾನ್ಸ್ ಹಾರ್ಟ್‌ಮನ್ ಬರೆದುಕೊಟ್ಟ ಎಟಿಆರ್ 72-600 ನನ್ನ ಪ್ರೀತಿಯದು. ಮೈಸೂರಿಗೆ, ಹುಬ್ಬಳ್ಳಿಗೆ ಈ ಪ್ರೊಪೆಲ್ಲರ್ ವಿಮಾನದಲ್ಲಿ ಹೋದವರು ಒಂದು ವಿಚಿತ್ರ ಗಮನಿಸಿರಬಹುದು. ಹಿಂದಿನ ಬಾಗಿಲಿನಿಂದ ಜನ ಹತ್ತುತ್ತಿರುತ್ತಾರೆ, ಬಲಗಡೆ ಇಂಜಿನ್ನು ಕಿರುಗುಡುತ್ತಿರುತ್ತದೆ, ಅದರ ಪ್ರೊಪೆಲ್ಲರ್ ಮಾತ್ರ ನಿಂತಿರುತ್ತದೆ. ಎಟಿಆರ್‌ಗೆ ಎಪಿಯು ಇಲ್ಲ. ಆ ಭಾರ ಉಳಿಸಲು ಬಲ ಇಂಜಿನ್ನಿನ ಪ್ರೊಪೆಲ್ಲರಿಗೆ ಬ್ರೇಕ್ ಹಾಕಿ, ಇಂಜಿನ್ನನ್ನು ಮಾತ್ರ ಓಡಿಸಿ ಕರೆಂಟು, ಗಾಳಿ ಪಡೆಯುತ್ತಾರೆ. ಹೋಟೆಲ್ ಮೋಡ್ ಎಂದು ಅದಕ್ಕೆ ಹೆಸರು. ಇನ್ನೊಂದು ಸಂಗತಿ: ಇದರಲ್ಲಿ ಆಟೋಥ್ರಾಟಲ್ ಇಲ್ಲ. ವೇಗ ಕಾಯುವವರು ನೀವೇ, ನಿಮ್ಮ ಬಲಗೈಯೇ. ಕೈ ಲಿವರ್ ಬಿಟ್ಟು ಮೊಬೈಲಿನ ಕಡೆ ಹೋದರೆ ಮೈಸೂರಿನ ಹತ್ತಿರ ಬರುವಾಗ ಲೆಕ್ಕ ತಪ್ಪುತ್ತದೆ. ಬೆಂಗಳೂರಿನ ರನ್‌ವೇ 4,000 ಮೀಟರ್, ಮೈಸೂರಿನ ಮಂಡಕಳ್ಳಿಯದು 1,740.

ಈ ಭಾನುವಾರ ಸಂಜೆ ಬಿಡುವಿದ್ದರೆ ಎಟಿಆರ್‌ನಲ್ಲಿ ಬೆಂಗಳೂರು–ಮೈಸೂರು ಹಾದಿ ಹಾರಿಸಿ ನೋಡಿ. ಬಲ ಇಂಜಿನ್ ಸ್ಟಾರ್ಟ್ ಮಾಡಿ, ಪ್ರೊಪೆಲ್ಲರಿನ ಬ್ರೇಕ್ ಹಾಗೇ ಇರಲಿ, ಜನ ಹತ್ತಲಿ. ಬಾಗಿಲು ಮುಚ್ಚಿದ ಮೇಲೆ ಬ್ರೇಕ್ ಬಿಡಿ. ನಿಂತಿದ್ದ ಆರು ಅಲಗುಗಳು ಮೆಲ್ಲಗೆ ತಿರುಗತೊಡಗುತ್ತವೆ, ಅದರ ಜೊತೆಗೇ ಕಾಕ್‌ಪಿಟ್ಟಿನ ಸದ್ದು ಬದಲಾಗುತ್ತದೆ.