‘ಬಾಷಾ’ ಚಿತ್ರಪಟದಲ್ಲಿ ನಾಯಕಲಕ್ಷಣ

ಕಾರವಾರದ ಬೈತಖೋಲವು ಗುಡ್ಡಕ್ಕೂ ಕಡಲಿಗೂ ನಡುವೆ ನೆಲೆಗೊಂಡ ಬಂದರು. ಅಲ್ಲಿಯ ಮನೆಗಳಲ್ಲಿ ಕೊಂಕಣಿ ಕನ್ನಡಗಳು ಕೇಳಿಬರುವುವೇ ಹೊರತು ತಮಿಳು ಬಲು ಅಪರೂಪ. ಆದರೂ ‘ಬಾಷಾ’ ಎಂಬ ತಮಿಳು ಚಿತ್ರಪಟದ ಕಥೆಯು ಈ ಕರಾವಳಿಯವರಿಗೆ ಪರಕೀಯವೆನಿಸಲಾರದು. ಇದಕ್ಕೆ ಎರಡು ಕಾರಣಗಳುಂಟು. ಈ ಜಿಲ್ಲೆಯು 1862ರಿಂದ 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದಿತು. ಹೊಟ್ಟೆಪಾಡಿಗಾಗಿ ಆ ಪಟ್ಟಣಕ್ಕೆ ಹೋಗಿ, ಅಲ್ಲಿ ಪಟ್ಟ ಪಾಡನ್ನು ಊರಿನಲ್ಲಿ ಹೇಳಿಕೊಳ್ಳದೆ ಬಾಳಿದವರನ್ನು ಈ ಸೀಮೆಯು ಬಲ್ಲದು. ಎರಡನೆಯದಾಗಿ, ಅಂಕೋಲೆ ಕಾರವಾರಗಳ ಬಯಲಾಟದ ಪ್ರೇಕ್ಷಕರಿಗೆ ವಿರಾಟಪರ್ವವು ಕರತಲಾಮಲಕವಾದುದು. ವೇಷ ಮರೆಸಿಕೊಂಡ ವೀರನ ಕಥೆಯು ಅವರಿಗೆ ಹೊಸತಲ್ಲ.

1995ರ ಸಂಕ್ರಾಂತಿಯ ಹೊತ್ತಿಗೆ ತೆರೆಕಂಡ ಈ ಪಟದ ನಿರ್ದೇಶಕರು ಸುರೇಶ ಕೃಷ್ಣ. ನಾಯಕ ರಜನೀಕಾಂತರು 1950ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯೇ ಬಸ್ಸಿನ ಕಂಡಕ್ಟರರಾಗಿ ದುಡಿದು, ಬಳಿಕ ಮದರಾಸನ್ನು ಸೇರಿದವರು. ನಾಯಕನ ತಮ್ಮನಾಗಿ ಶಶಿಕುಮಾರರೂ, ಪ್ರಾಣಮಿತ್ರನಾಗಿ ಚರಣರಾಜರೂ ಅಭಿನಯಿಸಿರುವರು. ಇಬ್ಬರೂ ಕನ್ನಡ ರಸಿಕರಿಗೆ ಚಿರಪರಿಚಿತರು. ಇದೇ ಬಗೆಯ ಹಂದರವು 1991ರ ಹಿಂದಿಯ ‘ಹಮ್’ ಚಿತ್ರದಲ್ಲಿಯೂ ಇದ್ದಿತು. ತಮಿಳು ಪಟದ ಅಪಾರವಾದ ಗೆಲವಿನ ಫಲವಾಗಿ, ನಾಗಣ್ಣನವರ ನಿರ್ದೇಶನದಲ್ಲಿ ವಿಷ್ಣುವರ್ಧನರು ನಾಯಕರಾದ ‘ಕೋಟಿಗೊಬ್ಬ’ವು 2001ರಲ್ಲಿ ಕನ್ನಡಕ್ಕೂ ಬಂದಿತು. ಹಣ ತಂದ ಪಟಕ್ಕೆ ವಿಮರ್ಶೆ ಏತಕ್ಕೆಂದು ಕೆಲವರು ಕೇಳಬಹುದು. ಬಹುಜನರು ಮೆಚ್ಚಿದುದರಲ್ಲಿ ಅವರು ಮೆಚ್ಚಿದುದು ಯಾವುದನ್ನು ಎಂದು ವಿವೇಚಿಸುವುದು ವಿಮರ್ಶಕನ ಕರ್ತವ್ಯವೇ ಆಗಿದೆ.

ಕಥೆಯು ಸರಳವಾದುದು. ಮಾಣಿಕ್ಯನೆಂಬವನು ಮದರಾಸಿನಲ್ಲಿ ಆಟೋರಿಕ್ಷಾ ಓಡಿಸಿ ತಮ್ಮ ತಂಗಿಯರನ್ನು ಸಾಕುತ್ತಿರುವ ಸಾಧು. ಹಿಂದೊಮ್ಮೆ ಮುಂಬಯಿಯಲ್ಲಿ ಇವನ ಮಿತ್ರ ಅನ್ವರನು ದುಷ್ಟರ ಕೈಯಲ್ಲಿ ಹತನಾದನು. ಆ ಸೇಡಿನಿಂದ ಆಯುಧ ಹಿಡಿದ ಮಾಣಿಕ್ಯನು ಮಿತ್ರನ ಹೆಸರನ್ನೇ ತನ್ನ ಹೆಸರಿಗೆ ಜೋಡಿಸಿಕೊಂಡು, ಮಾಣಿಕ್ ಬಾಷಾ ಎಂದು ಆ ಪಟ್ಟಣವನ್ನೇ ನಡುಗಿಸಿದನು. ಬಳಿಕ, ಸಾಯುತ್ತಿದ್ದ ತಂದೆಗೆ ಕೊಟ್ಟ ಮಾತಿನಂತೆ ಎಲ್ಲವನ್ನೂ ತೊರೆದು ಅಜ್ಞಾತನಾದನು.

ಪಟದ ಪೂರ್ವಾರ್ಧವು ನಿಜವಾಗಿಯೂ ಉತ್ತಮವಾದುದು. ನಾಯಕನು ಮೊದಲು ಕಾಣಿಸಿಕೊಳ್ಳುವುದು ಆಯುಧಪೂಜೆಯ ಸಂಭ್ರಮದಲ್ಲಿ. ಪಾಂಡವರು ಶಮೀವೃಕ್ಷದಲ್ಲಿ ಅಸ್ತ್ರಗಳನ್ನು ಅಡಗಿಸಿಟ್ಟ ಸಂಗತಿಯನ್ನು ನಮ್ಮ ಜನರು ಮಹಾನವಮಿಯ ದಿನಗಳಲ್ಲಿಯೇ ನೆನೆಯುವರಷ್ಟೆ. ಆಯುಧವನ್ನು ಬಚ್ಚಿಟ್ಟವನು ಆ ದಿನ ಮೂರು ಗಾಲಿಯ ಬಂಡಿಯನ್ನು ಪೂಜಿಸುತ್ತಾನೆ! ನಿರ್ದೇಶಕರು ತಿಳಿದು ಮಾಡಿದರೋ ತಿಳಿಯದೆ ಮಾಡಿದರೋ, ಔಚಿತ್ಯವು ಮಾತ್ರ ಸೊಗಸಾಗಿದೆ.

ಮುಂದೆ ತಮ್ಮನಿಗೆ ಬೀಳಲಿದ್ದ ಏಟುಗಳನ್ನು ತನ್ನ ಮೇಲೆ ತೆಗೆದುಕೊಂಡು, ಕಂಬಕ್ಕೆ ಕಟ್ಟಿಸಿಕೊಂಡು, ಮುಗುಳುನಗೆಯಿಂದಲೇ ಪೆಟ್ಟು ತಿನ್ನುವ ಸನ್ನಿವೇಶವುಂಟು. ವಿರಾಟನು ದಾಳದಿಂದ ಹೊಡೆದಾಗ ಕಂಕನ ಮೂಗಿನಿಂದ ಸುರಿದ ರಕ್ತವನ್ನು ನೆಲಕ್ಕೆ ಬೀಳಗೊಡದೆ ಸೈರಂಧ್ರಿಯು ಪಾತ್ರೆಯಲ್ಲಿ ಹಿಡಿದಳು. ಆ ರಕ್ತ ನೆಲಕ್ಕೆ ಬಿದ್ದಿದ್ದರೆ ಹೊಡೆದವನಿಗೇ ಕೇಡು. ಬಲಶಾಲಿಯ ತಾಳ್ಮೆಯು ಹೊಡೆಯುವವನ ಮೇಲೆ ತೋರುವ ದಯೆಯೆಂಬ ಈ ಸೂಕ್ಷ್ಮವು ಕಂಬದ ಸನ್ನಿವೇಶದಲ್ಲಿ ಮಿನುಗುತ್ತದೆ. ತಂಗಿಗೆ ವೈದ್ಯಕೀಯ ಕಾಲೇಜಿನಲ್ಲಿ ಸ್ಥಾನ ಬೇಡಲು ಹೋದಾಗ, ನಾಯಕನು ಆಡಳಿತಗಾರನ ಮುಂದೆ ತನ್ನ ಪೂರ್ವನಾಮವನ್ನು ನುಡಿಯುವುದನ್ನು ಗಾಜಿನ ಆಚೆಯಿಂದ ತೋರಿಸಲಾಗಿದೆ. ಮಾತು ಕೇಳಿಸದು, ಎದುರಿದ್ದವನ ಮುಖವಿಕಾರ ಮಾತ್ರ ಕಾಣುವುದು. ಧ್ವನಿಯೆಂಬುದು ಹೇಳದೆ ಹೊಳೆಯಿಸುವುದಾದರೆ ಇದು ಧ್ವನಿಗೆ ಒಳ್ಳೆಯ ಉದಾಹರಣೆ.

ಧನಂಜಯನು ‘ದಶರೂಪಕ’ದಲ್ಲಿ ಧೀರೋದಾತ್ತ ನಾಯಕನಿಗೆ ಹೇಳಿದ ಲಕ್ಷಣಗಳಲ್ಲಿ ನಾಲ್ಕು ಇಲ್ಲಿ ಸ್ಮರಣೀಯವಾಗಿವೆ: ಕ್ಷಮೆ, ತನ್ನನ್ನು ತಾನು ಹೊಗಳಿಕೊಳ್ಳದಿರುವುದು, ಅಡಗಿದ ಅಹಂಕಾರ, ದೃಢವಾದ ವ್ರತ. ಆಟೋರಿಕ್ಷಾದ ಮಾಣಿಕ್ಯನಲ್ಲಿ ಈ ನಾಲ್ಕೂ ಇವೆ. ತಂಗಿಯ ಮೇಲೆ ದುರುಳರು ಕೈಮಾಡಿದಾಗ ಅವನ ವ್ರತ ಸಡಿಲುವುದೂ ಕ್ಷಮ್ಯವೇ. ದ್ರೌಪದಿಗಾಗಿ ಭೀಮನೂ ಎದ್ದನು. ಆದರೆ ಭೀಮನು ಕೀಚಕನನ್ನು ಕೊಂದುದು ಇರುಳಿನಲ್ಲಿ, ನಾಟ್ಯಶಾಲೆಯಲ್ಲಿ. ಬೆಳಗಾದರೆ ಮತ್ತೆ ಅಡಿಗೆಯ ವಲಲನೇ. ಕಾರ್ಯವೂ ಆಯಿತು, ಮರೆಯೂ ಉಳಿಯಿತು.

ಉತ್ತರಾರ್ಧದಲ್ಲಿ ಈ ಸಂಯಮವು ಕಾಣೆಯಾಗುತ್ತದೆ. ಮುಂಬಯಿಯ ವೃತ್ತಾಂತದಲ್ಲಿ ನಾಯಕನಿಗೆ ಪರಿವಾರ, ಠೀವಿಯ ನಡಿಗೆ, ಸಿಂಹಾಸನದಂತಹ ಆಸನ. ತಾನು ಒಮ್ಮೆ ಹೇಳಿದರೆ ನೂರು ಸಲ ಹೇಳಿದಂತೆ ಎಂಬ ಮಾತನ್ನು ಅವನ ಬಾಯಿಂದ ಒಂದೇ ಸಲ ಹೇಳಿಸಿದ್ದರೆ ಸಾಕಾಗಿತ್ತು. ಮತ್ತೆ ಮತ್ತೆ ಹೇಳಿಸಿದುದರಿಂದ ಆ ಮಾತು ತನ್ನನ್ನೇ ಸುಳ್ಳಾಗಿಸಿಕೊಂಡಿದೆ. ಪ್ರತಿನಾಯಕ ಆಂಟನಿಯ ಪಾತ್ರವನ್ನು ರಘುವರನ್ನರು ಮೆಲುದನಿಯಲ್ಲಿಯೇ ಭಯಂಕರವಾಗಿಸಿರುವರು. ಶಾಸ್ತ್ರವು ಪ್ರತಿನಾಯಕನನ್ನು ಧೀರೋದ್ಧತನೆನ್ನುತ್ತದೆ. ಇಲ್ಲಿ ನಾಯಕನೂ ಉದ್ಧತನೇ ಆದ ಮೇಲೆ, ಇಬ್ಬರಿಗೂ ಉಳಿಯುವ ಅಂತರವೆಂದರೆ ಒಬ್ಬನಿಗೆ ಮಿತ್ರಶೋಕವೆಂಬ ನೆಪವುಂಟು, ಮತ್ತೊಬ್ಬನಿಗೆ ಇಲ್ಲ. ವೀರಕ್ಕೆ ಸ್ಥಾಯಿ ಉತ್ಸಾಹ, ರೌದ್ರಕ್ಕೆ ಕ್ರೋಧ. ವೀರವನ್ನು ಆಸ್ವಾದಿಸುತ್ತಿದ್ದ ಪ್ರೇಕ್ಷಕನ ಕೈಗೆ ಇಲ್ಲಿ ರೌದ್ರವನ್ನು ಇಟ್ಟಿದ್ದಾರೆ; ಅವನು ರುಚಿಯ ಭೇದವನ್ನರಿಯದೆ ಚಪ್ಪಾಳೆ ತಟ್ಟುತ್ತಾನೆ.

ಕವಿಹೃದಯಕ್ಕೆ ಈ ದೋಷವು ಕೊನೆಯಲ್ಲಿ ಹೊಳೆದಂತಿದೆ. ಆಂಟನಿಯನ್ನು ಕೊಲ್ಲುವವನು ಬಾಷಾನಲ್ಲ. ಪೋಲೀಸು ಅಧಿಕಾರಿಯಾದ ತಮ್ಮನು. ದಂಡಿಸುವ ಅಧಿಕಾರವು ಸೇಡಿನ ಕೈಯಿಂದ ರಾಜ್ಯದ ಕೈಗೆ ಮರಳುತ್ತದೆ. ಇದು ಮೆಚ್ಚತಕ್ಕ ಯೋಜನೆ. ಆದರೆ ಅಷ್ಟು ಹೊತ್ತಿಗೆ ಪ್ರೇಕ್ಷಕನು ನ್ಯಾಯವನ್ನು ಮರೆತು ಠೀವಿಯನ್ನು ಕಲಿತಿರುತ್ತಾನೆ.

ಈ ಬಗೆಯ ಪಟಗಳನ್ನು ನೋಡಿ ಬರುವ ತರುಣರು ಅನುಕರಿಸುವುದು ಬಾಷಾನ ನಡಿಗೆಯನ್ನು, ಕನ್ನಡಕವನ್ನು, ಕೈಬೀಸುವ ಬಗೆಯನ್ನು. ಮಾಣಿಕ್ಯನನ್ನು ಅನುಕರಿಸುವವರು ವಿರಳ. ಆದರೆ ಮಾಣಿಕ್ಯನು ಅವರ ಮನೆಗಳಲ್ಲಿಯೇ ಇದ್ದಾನೆ. ನಸುಕಿನಲ್ಲಿ ಬೈತಖೋಲದ ಬಂದರಿನಿಂದ ದೋಣಿ ಏರಿ, ತಂಗಿಯ ಓದಿಗೂ ತಮ್ಮನ ನೌಕರಿಗೂ ತನ್ನ ಮೈಬಲವನ್ನು ಸವೆಸಿ, ಸಂತೆಯಲ್ಲಿ ಯಾರೋ ಆಡಿದ ಕಡುನುಡಿಯನ್ನು ನುಂಗಿಕೊಂಡು ಮನೆಗೆ ಬರುವ ಅಣ್ಣನಿಗೆ ಬೇರೊಂದು ಹೆಸರಿಲ್ಲ. ಹಿನ್ನೆಲೆಯಲ್ಲಿ ವಾದ್ಯವೂ ಮೊಳಗದು. ಅವನು ತಾಳಿಕೊಂಡುದನ್ನು ದೌರ್ಬಲ್ಯವೆಂದು ಮನೆಯ ಕಿರಿಯರು ಎಣಿಸಿದರೆ, ಆ ಎಣಿಕೆಗೆ ಇಂತಹ ಪಟಗಳ ಉತ್ತರಾರ್ಧವೂ ಭಾಗಶಃ ಹೊಣೆಯಾಗುತ್ತದೆ. ಪೂರ್ವಾರ್ಧವನ್ನು ಕಣ್ತೆರೆದು ನೋಡಿದವರು ಹಾಗೆ ಎಣಿಸಲಾರರು.